ಊರಿನ ಕಸ, ಹೊಲದ ಗೊಬ್ಬರ

ಪಟ್ಟಣವಾಸಿಗಳಾದ ನಮಗೆ ತಿಪ್ಪೆಯ ವಿಷಯವಾಗಿ ತಿಳಿದಿರುವುದು ಮೂಗು ಮುಚ್ಚಿಕೊಳ್ಳುವುದೊಂದೇ. ಆದರೆ ನಾವು ಉಣ್ಣುವ ಪ್ರತಿಯೊಂದು ತುತ್ತಿನೊಡನೆಯೂ ಯಾವುದೋ ಹೊಲದ ಸಾರಜನಕವೂ ರಂಜಕವೂ ಪಟ್ಟಣಕ್ಕೆ ಬಂದುಬಿಡುತ್ತವೆ. ಹಿಂದಿರುಗಿ ಹೋಗುವುದು ಬಹು ಸ್ವಲ್ಪ. ಈ ನಷ್ಟವನ್ನು ರೈತನು ಅಂಗಡಿಯ ಗೊಬ್ಬರದಿಂದ ತುಂಬುತ್ತಾನೆ. ಪೈರು ಹೀರದೆ ಉಳಿದ ಸಾರಜನಕವು ನೈಟ್ರೇಟಿನ ರೂಪದಲ್ಲಿ ಮಳೆಯ ನೀರಿನೊಡನೆ ಬಾವಿಗೆ ಇಳಿಯುತ್ತದೆ. ಒಂದಂಶವು ವಾಯುವಾಗಿ ಮೇಲೇರಿ ಭೂಮಂಡಲದ ತಾಪವನ್ನು ಹೆಚ್ಚಿಸುತ್ತದೆ. ಆ ಗೊಬ್ಬರವನ್ನು ನಾವು ನಿಂದಿಸುತ್ತಿಲ್ಲ. ಅದಿಲ್ಲದೆ ಇಂದಿನ ಜನಕ್ಕೆಲ್ಲ ಅನ್ನ ದೊರೆಯುವುದು ಕಷ್ಟ. ಆದರೆ ಕೊಳೆತ ಸೊಪ್ಪುಸದೆಯಿಂದ ಮಣ್ಣಿಗೆ ಬರುವ ಮೃದುತ್ವವನ್ನೂ ನೀರು ಹಿಡಿಯುವ ಶಕ್ತಿಯನ್ನೂ ಅದು ಕೊಡಲಾರದು.

ಈ ವಿಷಯದಲ್ಲಿ ಬೆಂಗಳೂರಿನ ಹೆಸರು ಕೃಷಿಗ್ರಂಥಗಳಲ್ಲಿ ನಿಂತಿದೆ. ಸರ್ ಆಲ್ಬರ್ಟ್ ಹೋವರ್ಡರು ೧೯೨೪ರಿಂದ ೧೯೩೧ರವರೆಗೆ ಇಂದೂರಿನಲ್ಲಿದ್ದು ರೂಢಿಸಿದ ಕ್ರಮದಲ್ಲಿ ಗೊಬ್ಬರದ ರಾಶಿಯನ್ನು ಮತ್ತೆ ಮತ್ತೆ ಮಗುಚಿ ಗಾಳಿಯಾಡಿಸಬೇಕು. ಆಳೂ ನೀರೂ ಹೆಚ್ಚಾಗಿ ಬೇಕು. ೧೯೩೯ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದ ಸಿ. ಎನ್. ಆಚಾರ್ಯರು ಈ ಶ್ರಮವನ್ನೇ ತಪ್ಪಿಸಿದರು. ಸುಮಾರು ೩ ಅಡಿ ಆಳದ ಗುಂಡಿಯಲ್ಲಿ ಅರ್ಧ ಅಡಿ ಊರಿನ ಕಸ, ಅದರ ಮೇಲೆ ೨ ಅಂಗುಲ ಮಲ, ಮತ್ತೆ ಕಸ, ಹೀಗೆ ತುಂಬಿ ಮೇಲೆ ಮಣ್ಣು ಮುಚ್ಚುವುದು. ಒಳಗೆ ಸಿಕ್ಕಿಕೊಂಡ ಗಾಳಿಯಿರುವ ಮೊದಲ ಎಂಟು ಹತ್ತು ದಿನ ಗುಂಡಿ ಕಾವೇರುತ್ತದೆ. ನೊಣದ ಮರಿಗಳೂ ರೋಗಬೀಜಗಳೂ ಬಹುಮಟ್ಟಿಗೆ ಆ ಕಾವಿನಲ್ಲಿಯೇ ನಾಶವಾಗುತ್ತವೆ. ಗಾಳಿ ತೀರಿದ ಮೇಲೆ ಕೊಳೆಯುವಿಕೆ ನಿಧಾನವಾಗಿ ಸಾಗಿ, ೬ರಿಂದ ೮ ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ತಡವಾದರೂ ಸಾರಜನಕ ಹೆಚ್ಚಾಗಿ ಉಳಿಯುತ್ತದೆ.

ಆ ಮಲವನ್ನು ತಲೆಯ ಮೇಲೆ ಹೊತ್ತು ತಂದವರು ಯಾರೆಂಬುದನ್ನು ಈ ಪ್ರಶಂಸೆಯ ನಡುವೆ ಮರೆಯುವುದು ನ್ಯಾಯವಲ್ಲ. ೧೯೯೩ರ ಶಾಸನವು ಆ ಕೆಲಸವನ್ನು ನಿಷೇಧಿಸಿತು. ಸಗಣಿಯ ಬಗ್ಗಡದಿಂದಲೂ ಗುಂಡಿ ಚೆನ್ನಾಗಿಯೇ ನಡೆಯುತ್ತದೆ.

ಈಗಿನ ತೊಡಕು ಬೇರೆ. ಆಚಾರ್ಯರ ಕಾಲದ ಕಸದಲ್ಲಿ ಎಲೆ, ಸಿಪ್ಪೆ, ಬೂದಿಗಳೇ ಹೆಚ್ಚು. ನಮ್ಮ ಕಸದಲ್ಲಿ ಗಾಜು, ಪ್ಲಾಸ್ಟಿಕ್, ಬ್ಯಾಟರಿ. ಇವು ಸೇರಿದ ಗೊಬ್ಬರವನ್ನು ಬರಿಗಾಲಿನಲ್ಲಿ ಗದ್ದೆಗೆ ಇಳಿಯುವ ರೈತನು ಬೇಡವೆಂದರೆ ತಪ್ಪೇನು? ೨೦೧೨ರಲ್ಲಿ ಮಾವಳ್ಳಿಪುರದ ಜನರು ಬೆಂಗಳೂರಿನ ಕಸ ತಮ್ಮ ಊರಿಗೆ ಬೇಡವೆಂದು ತಡೆದಾಗ ರಾಜಬೀದಿಗಳಲ್ಲೇ ರಾಶಿ ಬಿದ್ದಿತು. ಅಡುಗೆಮನೆಯಲ್ಲಿ ಬೇರ್ಪಡದ ಕಸವನ್ನು ಮುಂದೆ ಯಾವ ಯಂತ್ರವೂ ಪೂರ್ತಿ ಬೇರ್ಪಡಿಸಲಾರದು.

ಹಿತ್ತಲಿಲ್ಲದವರು ತಳದಲ್ಲಿ ತೂತಿರುವ ಮಡಕೆಯೊಂದರಲ್ಲಿ ತರಕಾರಿ ಸಿಪ್ಪೆಯ ಮೇಲೆ ದಿನವೂ ಒಂದು ಹಿಡಿ ತರಗೆಲೆ ಉದುರಿಸಿದರೆ ವಾಸನೆ ಬರುವುದಿಲ್ಲ. ಮಾಘ ಫಾಲ್ಗುಣಗಳಲ್ಲಿ ಬೀದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಅದನ್ನು ಗುಡಿಸಿ ಬೆಂಕಿಯಿಡುವ ಮೊದಲೇ ಎರಡು ಮೂರು ಚೀಲ ತಂದಿಟ್ಟುಕೊಳ್ಳಬಹುದು.