ತೆರಕಣಾಂಬಿ: ಒಂದು ಗಡಿಪಟ್ಟಣದ ಚರಿತ್ರೆ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ, ಸುಮಾರು 11 ಕಿಲೋಮೀಟರು ದೂರದಲ್ಲಿ, ತೆರಕಣಾಂಬಿ ಎಂಬ ಊರಿದೆ. ಇಂದು ಅದು ಒಂದು ಹೋಬಳಿಯ ಕೇಂದ್ರ. ಹಳೆಯ ದೇವಾಲಯಗಳನ್ನು ಬಿಟ್ಟರೆ ಅದರ ಪೂರ್ವಸ್ಥಿತಿಯನ್ನು ಸೂಚಿಸುವ ಕುರುಹುಗಳು ದಾರಿಹೋಕನ ಕಣ್ಣಿಗೆ ಬೀಳುವುದು ಅಪರೂಪ. ಆದರೆ ಹೊಯ್ಸಳರ ಕೊನೆಯ ಕಾಲದಿಂದ ಮೈಸೂರು ಒಡೆಯರ ಏಳಿಗೆಯವರೆಗೆ ಕನ್ನಡನಾಡಿನ ದಕ್ಷಿಣದ ಗಡಿಯನ್ನು ಆಳಿದವರಿಗೆ ಈ ಊರನ್ನು ಬಿಟ್ಟು ಗತ್ಯಂತರವಿರಲಿಲ್ಲ.

ಗಡಿಯ ಯುದ್ಧಗಳನ್ನು ನಾವು ಸಾಮಾನ್ಯವಾಗಿ ಬಿರುದಾವಳಿಯಾಗಿ ಓದುತ್ತೇವೆ. ಯಾವ ದಂಡನಾಯಕನು ಯಾರನ್ನು ಬೆದರಿಸಿದನು, ಯಾವ ಬೆಟ್ಟವನ್ನು ಹತ್ತಿದನು ಎಂಬುದು ತಿಳಿದಲ್ಲಿಗೆ ನಮ್ಮ ಕುತೂಹಲವು ತಣಿದುಬಿಡುತ್ತದೆ. ಗೆದ್ದ ನೆಲವನ್ನು ಅನಂತರ ಹಿಡಿದು ಉಳಿಸಿಕೊಂಡ ಬಗೆ ಹೇಗೆ, ಯುದ್ಧದಲ್ಲಿ ಕೆಟ್ಟ ಜನರು ಮತ್ತೆ ನೆಲೆಗೊಂಡ ಬಗೆ ಹೇಗೆ ಎಂಬ ಪ್ರಶ್ನೆಗಳು ಹಿಂದೆ ಉಳಿಯುತ್ತವೆ. ತೆರಕಣಾಂಬಿಯ ಚರಿತ್ರೆಯಲ್ಲಿ ವಿಚಾರ ಮಾಡತಕ್ಕದ್ದು ಈ ಎರಡನೆಯ ಸಂಗತಿಯೇ ಎಂಬುದು ನಮ್ಮ ಅಭಿಪ್ರಾಯ.

ಮೊದಲು ನೆಲದ ಲಕ್ಷಣವನ್ನು ನೋಡೋಣ. ಈ ಸೀಮೆಯ ದಕ್ಷಿಣಕ್ಕೆ ಗೋಪಾಲಸ್ವಾಮಿ ಬೆಟ್ಟ, ಬಂಡೀಪುರದ ಕಾಡು. ಅದರಾಚೆ ಮೋಯಾರಿನ ಆಳವಾದ ಕಮರಿ. ಕಮರಿಯ ಆಚೆಯ ದಡದಲ್ಲಿ ಗೋಡೆಯಂತೆ ಎದ್ದುನಿಂತ ನೀಲಗಿರಿ. ಪಶ್ಚಿಮಕ್ಕೆ ವಯನಾಡು. ಆಗ್ನೇಯದಲ್ಲಿ ತಾಳವಾಡಿಯ ಬಯಲನ್ನು ದಾಟಿದರೆ ಗಜ್ಜಲಹಟ್ಟಿಯ ಕಣಿವೆ. ಅಲ್ಲಿ ಇಳಿದರೆ ಮೋಯಾರು ಭವಾನಿಯನ್ನು ಸೇರುವ ಎಡೆ, ಮುಂದೆ ಸತ್ಯಮಂಗಲ ಮತ್ತು ಕೊಂಗುನಾಡು. ವಯನಾಡಿನ ದಾರಿಗೂ ಗಜ್ಜಲಹಟ್ಟಿಯ ದಾರಿಗೂ ನಡುವೆ, ರಾಗಿ ಜೋಳಗಳು ಬೆಳೆಯುವ ಮೇಲುನಾಡಿನಲ್ಲಿ, ತೆರಕಣಾಂಬಿ ಇದೆ. ಸೈನ್ಯಕ್ಕೆ ಕಾಳು ಒದಗಿಸಲು, ಘಟ್ಟದ ಮೇಲಿನಿಂದ ಎರಡೂ ದಾರಿಗಳನ್ನು ಕಾಯಲು, ಇದಕ್ಕಿಂತ ಅನುಕೂಲವಾದ ಸ್ಥಳ ಸಮೀಪದಲ್ಲಿಲ್ಲ. ಊರಿನ ಹೆಸರನ್ನು ತ್ರಿಕದಂಬಾ ದೇವಿಯಿಂದ ಬಂದುದೆಂದು ಹೇಳಿ ತ್ರಿಕದಂಬಪುರವೆಂದು ಸಂಸ್ಕೃತೀಕರಿಸುವುದುಂಟು. ಸ್ಥಳಪುರಾಣಗಳ ಇಂಥ ನಿರುಕ್ತಿಗಳಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಈ ಗಡಿಯ ಯುದ್ಧಚರಿತ್ರೆಗೆ ಆಧಾರವಾದ ಮೊದಲ ದೊಡ್ಡ ದಾಖಲೆ ಚಾಮರಾಜನಗರದ ಪಾರ್ಶ್ವನಾಥ ಬಸದಿಯ ಕ್ರಿ.ಶ. 1117ರ ಶಾಸನ. ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೊದವರನ್ನು ಬೆದರಿಸಿ, ಕೊಂಗರನ್ನು ಅಡಗಿಸಿ, ಮಲೆಯಾಳರನ್ನು ಸದೆಬಡಿದು, ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು ಅದು ವರ್ಣಿಸುತ್ತದೆ. ನೀಲಗಿರಿಯ ತೊದವರ ಹೆಸರು ಬರುವ ಅತಿ ಪ್ರಾಚೀನ ಲೇಖವೆಂದು ವಿದ್ವಾಂಸರು ಇದನ್ನು ಮತ್ತೆ ಮತ್ತೆ ಉದಾಹರಿಸುತ್ತ ಬಂದಿದ್ದಾರೆ. ಆದರೆ ಅದೇ ಶಾಸನದಲ್ಲಿರುವ ಬೇರೊಂದು ಮಾತಿಗೆ ಅಷ್ಟು ಗಮನ ಸಂದಿಲ್ಲ. ಕೆಟ್ಟುಹೋದ ವರ್ತಕನಾಗಲಿ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಾಗಲಿ, ಅಧಿಕಾರ ಕಳೆದುಕೊಂಡ ಕಿರಾತನಾಗಲಿ, ಆಶ್ರಯ ತಪ್ಪಿದ ಸೇವಕನಾಗಲಿ ತನ್ನ ಬಳಿಗೆ ಬಂದರೆ ಪುಣಿಸನು ಅವರವರು ಕಳೆದುಕೊಂಡುದನ್ನು ಕೊಟ್ಟು ಸಲಹಿದನೆಂದು ಅಲ್ಲಿ ಹೇಳಿದೆ. ಹೊಗಳಿಕೆಯ ಮಾತೆಂದು ಇದನ್ನು ತಳ್ಳಿಹಾಕಬಹುದು. ಆದರೆ ಹೊಗಳುವವನು ಈ ನಾಲ್ವರನ್ನೇ ಏಕೆ ಆರಿಸಿಕೊಂಡನು? ದಂಡು ನಡೆದ ಸೀಮೆಯಲ್ಲಿ ವ್ಯಾಪಾರ ನಿಲ್ಲುತ್ತದೆ. ಬಿತ್ತನೆಗೆ ಇಟ್ಟ ಕಾಳು ಸೈನಿಕರ ಹೊಟ್ಟೆಗೆ ಹೋಗುತ್ತದೆ. ಕಾಡಿನ ನಾಯಕರು ಪದಚ್ಯುತರಾಗುತ್ತಾರೆ. ಯುದ್ಧಕಾಲದ ಪ್ರಜೆಗಳ ಕಷ್ಟವನ್ನು ಇಷ್ಟು ನಿಖರವಾಗಿ ಹೇಳುವ ಶಾಸನಗಳು ಹೆಚ್ಚಿಲ್ಲ. ನೀಲಾದ್ರಿಯ ವಿಜಯಕ್ಕಿಂತ ಈ ಬಿತ್ತನೆಯ ಬೀಜದ ಮಾತೇ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ.

ಪುಣಿಸನ ದಂಡಯಾತ್ರೆಯು ಆಡಳಿತವಾಗಿ ನೆಲೆಗೊಂಡುದು ಸುಮಾರು ಎರಡು ಶತಮಾನಗಳ ಅನಂತರ. ಮೂರನೆಯ ನರಸಿಂಹನ ಮಂತ್ರಿಯಾದ ಪೆರುಮಾಳೆ ದಂಡನಾಯಕನ ಮಗ ಮಾಧವ ದಂಡನಾಯಕನು, ಮೂರನೆಯ ಬಲ್ಲಾಳನ ಕಾಲದಲ್ಲಿ, ತೆರಕಣಾಂಬಿಯನ್ನು ರಾಜಧಾನಿಯಾಗಿ ಮಾಡಿಕೊಂಡು ಪದಿನಾಲ್ಕುನಾಡನ್ನು ಆಳಿದನು. ‘ನೀಲಗಿರಿಸಾಧಾರ’ ಎಂಬುದು ಈ ಮನೆತನದ ಬಿರುದು. ಗೋಪಾಲಸ್ವಾಮಿ ಬೆಟ್ಟದ ದೇವಾಲಯವನ್ನು 1315ರಲ್ಲಿ ಕಟ್ಟಿಸಿದವನು ಇವನೇ. ಘಟ್ಟದ ಕೆಳಗೆ, ಭವಾನಿ ಮೋಯಾರುಗಳ ಸಂಗಮದ ಬಳಿ, ಇವರ ಪದವಿಯಿಂದಲೇ ಹೆಸರು ಪಡೆದ ದಣ್ಣಾಯಕನಕೋಟೆ ಇದ್ದಿತು. ಬೆಟ್ಟದ ಮೇಲೆ ದೇವಾಲಯ, ಕಣಿವೆಯ ಬಾಯಲ್ಲಿ ಕೋಟೆ, ಎರಡಕ್ಕೂ ಹಿಂದೆ ಕಾಳು ಕಂದಾಯಗಳ ಊರು: ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ತೆರಕಣಾಂಬಿಯ ಸ್ಥಾನವು ತಿಳಿಯುತ್ತದೆ. ಅದು ಕಾದುವವರ ಊರಾಗಿದ್ದುದಕ್ಕಿಂತ ಕಾದುವವರನ್ನು ಪೋಷಿಸುವ ಊರಾಗಿತ್ತು.

ಹೊಯ್ಸಳರ ಅನಂತರ ಈ ಸೀಮೆ ವಿಜಯನಗರಕ್ಕೆ ಸೇರಿ, 15ನೆಯ ಶತಮಾನದ ಕೊನೆಗೆ ಉಮ್ಮತ್ತೂರಿನ ಪ್ರಭುಗಳು ಇಲ್ಲಿ ಪ್ರಬಲರಾದರು. ಪೆನುಗೊಂಡೆಯ ಚಕ್ರೇಶ್ವರರೆಂದು ಕರೆದುಕೊಂಡ ಇವರನ್ನು ಕೃಷ್ಣದೇವರಾಯನು ತನ್ನ ಆಳ್ವಿಕೆಯ ಆರಂಭದಲ್ಲಿಯೇ ಶಿವನಸಮುದ್ರದಲ್ಲಿ ಮುತ್ತಿ ಅಡಗಿಸಬೇಕಾಯಿತು. ಆ ಮೇಲೆ ತೆರಕಣಾಂಬಿಯ ಸೀಮೆಯು ಮಂತ್ರಿ ಸಾಳುವ ತಿಮ್ಮರಸನ ತಮ್ಮನಾದ ಸಾಳುವ ಗೋವಿಂದರಾಜನ ನಾಯಕತನಕ್ಕೆ ಬಂದಿತು. ಈ ಗದ್ದಲದ ಕಾಲಕ್ಕೇ ಸೇರಿದವನು ಸನತ್ಕುಮಾರ ಚರಿತೆ, ಜೀವಂಧರ ಸಾಂಗತ್ಯಗಳನ್ನು ಬರೆದ ಜೈನಕವಿ, ತೆರಕಣಾಂಬಿಯ ಬೊಮ್ಮರಸ (ಸು. 1485). ಸಾಹಿತ್ಯಚರಿತ್ರೆಯಲ್ಲಿ ಅವನಿಗೆ ಊರಿನ ಹೆಸರೇ ವಿಶೇಷಣವಾಗಿ ನಿಂತಿದೆ. ಬರಿಯ ಸೇನಾಠಾಣ್ಯವೊಂದರಲ್ಲಿ ಕಾವ್ಯವನ್ನು ಬರೆಯುವವರೂ ಕೇಳುವವರೂ ಇರುವುದು ಕಷ್ಟ.

ನೀಲಗಿರಿಯ ಬಡಗರ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಬಡಗ ಎಂದರೆ ಬಡಗಣ ದಿಕ್ಕಿನವನು. ಮೈಸೂರು ಸೀಮೆಯ ಈ ತೆಂಕಣ ಅಂಚಿನಿಂದ, ವಿಜಯನಗರದ ಪತನದ ಅನಂತರದ ಅವ್ಯವಸ್ಥೆಯಲ್ಲಿ, ತಮ್ಮ ಪೂರ್ವಿಕರು ಬೆಟ್ಟ ಹತ್ತಿದರೆಂಬುದು ಅವರ ಐತಿಹ್ಯ. ಅವರ ಮಾತು ಕನ್ನಡಕ್ಕೆ ಅತಿ ಸಮೀಪದ್ದು. ದಂಡನಾಯಕರು ಬಿರುದಾಗಿ ಧರಿಸಿದ ಬೆಟ್ಟವನ್ನು ನೇಗಿಲಿನಿಂದ ತಮ್ಮದಾಗಿ ಮಾಡಿಕೊಂಡವರು ಈ ಒಕ್ಕಲು ಮಕ್ಕಳು.

17ನೆಯ ಶತಮಾನದ ಎರಡನೆಯ ದಶಕದಲ್ಲಿ ರಾಜ ಒಡೆಯರು ತೆರಕಣಾಂಬಿಯನ್ನು ಗೆದ್ದರು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಮೈಸೂರಿನ ಗಡಿ ಘಟ್ಟವಿಳಿದು ಸತ್ಯಮಂಗಲದ ಕಡೆಗೆ ಸರಿಯಿತು. ಮಧುರೆಯ ತಿರುಮಲನಾಯಕನೊಡನೆ ನಡೆದ, ಸೆರೆಸಿಕ್ಕವರ ಮೂಗು ಕೊಯ್ದ ಕಾರಣ ‘ಮೂಗಿನ ಯುದ್ಧ’ವೆಂದು ಕುಖ್ಯಾತವಾದ ಹೋರಾಟವೂ ಇದರ ಮುಂದುವರಿಕೆಯೇ. ಗಡಿ ಮುಂದೆ ಸರಿದಂತೆ ಗಡಿಪಟ್ಟಣದ ಪ್ರಾಮುಖ್ಯ ಕುಂದಿತು. ಚಿಕ್ಕದೇವರಾಜ ಒಡೆಯರು (1673–1704) ತಂದೆಯ ನೆನಪಿಗೆ ಪರವಾಸುದೇವ ದೇವಾಲಯವನ್ನು ಕಟ್ಟಿಸಿದ್ದು ತೆರಕಣಾಂಬಿಯಲ್ಲಲ್ಲ, ಗುಂಡ್ಲುಪೇಟೆಯಲ್ಲಿ.

ಆದರೂ ಗಜ್ಜಲಹಟ್ಟಿಯ ದಾರಿ ಸುಮ್ಮನಾಗಲಿಲ್ಲ. 1768ರ ಕೊನೆಯಲ್ಲಿ ಹೈದರನ ಸೇನಾನಿ ಫಜಲುಲ್ಲಾ ಖಾನನ ಪಡೆ, 1790ರ ಸೆಪ್ಟೆಂಬರಿನಲ್ಲಿ ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ಮೇಲೆ ಬಿದ್ದ ಟಿಪ್ಪುವಿನ ಪಡೆ, ಎರಡೂ ಇಳಿದುದು ಈ ಕಣಿವೆಯಲ್ಲಿಯೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಯಮತ್ತೂರು ಸೀಮೆ ಕಂಪನಿಗೆ ಹೋಯಿತು. ಅದರೊಡನೆ ಸತ್ಯಮಂಗಲವೂ ದಣ್ಣಾಯಕನಕೋಟೆಯೂ, ಘಟ್ಟದ ಮೇಲಿನ ತಾಳವಾಡಿ ಕೊಳ್ಳೇಗಾಲಗಳೂ ಹೋದವು. ಯೂರೋಪಿನ ಸ್ಟ್ರಾಸ್‌ಬರ್ಗ್ ನಗರವು 1871, 1918, 1940, 1944 ಹೀಗೆ ನಾಲ್ಕು ಬಾರಿ ಫ್ರಾನ್ಸ್ ಜರ್ಮನಿಗಳ ನಡುವೆ ಕೈಬದಲಾಯಿಸಿತು. ತೆರಕಣಾಂಬಿಗೆ ಬಂದ ಗತಿ ಬೇರೆ ಬಗೆಯದು. ಊರು ಮೈಸೂರಿನಲ್ಲಿಯೇ ಉಳಿಯಿತು; ಅದರ ಕೈಕಾಲುಗಳಂತಿದ್ದ ನಾಡುಗಳು ಮತ್ತೊಂದು ಸರ್ಕಾರದ ಪಾಲಾದವು. 1812ರಲ್ಲಿ ನೀಲಗಿರಿಯನ್ನು ಅಳೆಯಲು ಹೊರಟ ಕಂಪನಿಯ ವಿಲಿಯಂ ಕೀಸ್ ದಣ್ಣಾಯಕನಕೋಟೆಯ ಕಡೆಯಿಂದ ಬೆಟ್ಟವನ್ನು ಹತ್ತಿದನು. ಮುಂದೆ ಉದಕಮಂಡಲ ಬೆಳೆದಾಗ ಮೈಸೂರಿನಿಂದ ಅಲ್ಲಿಗೆ ಹೋಗುವ ರಸ್ತೆ ಗುಂಡ್ಲುಪೇಟೆ, ಬಂಡೀಪುರಗಳ ಮೂಲಕ ಸಾಗಿತು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಮರಳಿತು. ಕನ್ನಡ ಮಾತನಾಡುವ ತಾಳವಾಡಿ ಮರಳಲಿಲ್ಲ, ಅದು ಇಂದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಅದರ ಹಿಂದಿನ ವರ್ಷ, 1955ರಲ್ಲಿ, ಭವಾನಿಸಾಗರದ ಅಣೆಕಟ್ಟು ಪೂರ್ಣಗೊಂಡು ದಣ್ಣಾಯಕನಕೋಟೆ ನೀರಿನಲ್ಲಿ ಮುಳುಗಿತು. ಮಳೆ ತಪ್ಪಿ ಜಲಾಶಯ ಬಹಳವಾಗಿ ಇಳಿದ ಬೇಸಗೆಗಳಲ್ಲಿ ಅಲ್ಲಿನ ಗುಡಿಯ ಕಲ್ಲುಕಟ್ಟಡ ಮತ್ತೆ ಹೊರಗೆ ಕಾಣಿಸಿಕೊಳ್ಳುತ್ತದೆ. ತೆರಕಣಾಂಬಿಯ ದೇವಾಲಯಗಳನ್ನೂ ಅದರ ನೆರೆಯ ತ್ರಿಯಂಬಕಪುರವನ್ನೂ ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಅಂಥ ಬೇಸಗೆಯೊಂದನ್ನು ಕಾದು, ಘಟ್ಟವಿಳಿದು, ಅದನ್ನೂ ನೋಡಿಬರತಕ್ಕದ್ದು.