ಸರಣಿ ಜೋಡಣೆಯ ಪಾಠಕ್ಕೊಂದು ನಿದರ್ಶನ: ತಾರಸಿಯ ಮೇಲಿನ ಹವಾನಿಯಂತ್ರಣ ಘಟಕ

ಸರಣಿ ಮತ್ತು ಸಮಾಂತರ ಜೋಡಣೆಗಳನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಮೂರು ರೋಧಕಗಳ ಚಿತ್ರ ಬರೆದು, ಒಟ್ಟು ರೋಧವನ್ನು ಲೆಕ್ಕ ಹಾಕಿಸಿ ಮುಂದಿನ ಪಾಠಕ್ಕೆ ಸಾಗುತ್ತೇವೆ. ಮನೆಯ ದೀಪಗಳು ಸಮಾಂತರ ಜೋಡಣೆಯಲ್ಲಿವೆ ಎಂಬುದು ವಿದ್ಯಾರ್ಥಿಗಳಿಗೆ ಮನದಟ್ಟಾಗುತ್ತದೆ. ಸರಣಿ ಜೋಡಣೆಯಾದರೋ ಒಂದು ಬಲ್ಬು ಕೆಟ್ಟರೆ ಎಲ್ಲವೂ ಆರಿಹೋಗುವ ದೋಷಪೂರ್ಣ ವ್ಯವಸ್ಥೆಯಾಗಿಯೇ ಅವರ ಮನಸ್ಸಿನಲ್ಲಿ ಉಳಿಯುತ್ತದೆ. ಆ ದೋಷವೇ ಗುಣವಾಗಿ, ಯಂತ್ರವನ್ನೂ ಮನುಷ್ಯರನ್ನೂ ಕಾಯುವ ಬಗೆಯನ್ನು ಹವಾನಿಯಂತ್ರಣ ಘಟಕದ ತಂತಿ ಜೋಡಣೆಯಲ್ಲಿ ಕಾಣಬಹುದು. ಗಡಿಭಾಗದ ನಮ್ಮ ಶಾಲೆಗಳಿಂದ ಐ.ಟಿ.ಐ.ಗೆ ಸೇರಿ ಶೈತ್ಯೀಕರಣ ಮತ್ತು ಹವಾನಿಯಂತ್ರಣದ ವೃತ್ತಿಯನ್ನು ಆಯ್ದುಕೊಳ್ಳುವ ವಿದ್ಯಾರ್ಥಿಗಳಿಗೆ ಈ ತಿಳಿವಳಿಕೆ ನೇರವಾಗಿ ಉಪಯುಕ್ತವಾದುದು.

ಎರಡು ಮಂಡಲಗಳು

ದೊಡ್ಡ ಮಳಿಗೆ, ಚಿತ್ರಮಂದಿರ ಮೊದಲಾದ ಕಟ್ಟಡಗಳ ತಾರಸಿಯ ಮೇಲೆ ಲೋಹದ ದೊಡ್ಡ ಪೆಟ್ಟಿಗೆಯಂತಹ ಘಟಕವನ್ನು ಇರಿಸುವುದುಂಟು. ಅಮೆರಿಕದಲ್ಲಿ ಈ ಪದ್ಧತಿ ಬಹಳ ರೂಢಿಯಲ್ಲಿದೆ. ನಮ್ಮ ನಗರಗಳಲ್ಲಿಯೂ ಕಾಣಸಿಗುತ್ತದೆ. ಕಂಪ್ರೆಸರ್, ಫ್ಯಾನು, ತಂಪು ಮಾಡುವ ಸುರುಳಿ ಎಲ್ಲವೂ ಒಂದೇ ಕವಚದೊಳಗಿದ್ದು, ತಂಪಾದ ಗಾಳಿ ಕೊಳವೆಗಳ ಮೂಲಕ ಕಟ್ಟಡದೊಳಕ್ಕೆ ಹರಿಯುತ್ತದೆ.

ಇದರಲ್ಲಿ ಎರಡು ವಿದ್ಯುನ್ಮಂಡಲಗಳಿವೆ. ಕಂಪ್ರೆಸರನ್ನು ಓಡಿಸುವ ಶಕ್ತಿ ಮಂಡಲಕ್ಕೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ 415 ವೋಲ್ಟಿನ ಮೂರು ಫೇಸ್ ವಿದ್ಯುತ್ತು ಬೇಕು. ಯಂತ್ರ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ನಿರ್ಧರಿಸುವುದು ನಿಯಂತ್ರಣ ಮಂಡಲ. ಅನೇಕ ಘಟಕಗಳಲ್ಲಿ ಟ್ರಾನ್ಸ್‌ಫಾರ್ಮರಿನ ಮೂಲಕ 24 ವೋಲ್ಟಿಗೆ ಇಳಿಸಿದ ವಿದ್ಯುತ್ತು ಇದರಲ್ಲಿ ಹರಿಯುತ್ತದೆ. ನಿಯಂತ್ರಣಕ್ಕೂ 230 ವೋಲ್ಟನ್ನೇ ಬಳಸುವ ಯಂತ್ರಗಳು ಇರುವುದರಿಂದ ಸಣ್ಣ ತಂತಿಯೆಂದು ಯಾವುದನ್ನೂ ನಿರ್ಲಕ್ಷಿಸುವಂತಿಲ್ಲ.

ಈ ಎರಡು ಮಂಡಲಗಳನ್ನು ಬೆಸೆಯುವ ಸಾಧನವೇ ಕಾಂಟ್ಯಾಕ್ಟರ್. ಅದರ ಸುರುಳಿಯಲ್ಲಿ 24 ವೋಲ್ಟಿನ ಪ್ರವಾಹ ಹರಿದಾಗ ಅದು ವಿದ್ಯುತ್ಕಾಂತವಾಗಿ, 415 ವೋಲ್ಟಿನ ಸಂಪರ್ಕಗಳನ್ನು ಸೆಳೆದು ಕೂಡಿಸುತ್ತದೆ. ಸುರುಳಿಯ ಪ್ರವಾಹ ನಿಂತರೆ ಕಂಪ್ರೆಸರೂ ನಿಲ್ಲುತ್ತದೆ.

ಕಾವಲುಗಾರರ ಸಾಲು

24 ವೋಲ್ಟಿನ ಘಟಕಗಳಲ್ಲಿ ತಂತಿ ಕೂಡಿಸುವ ಪಟ್ಟಿಯ ಮೇಲೆ ‘ಆರ್’, ‘ವೈ’, ‘ಜಿ’, ‘ಸಿ’ ಎಂಬ ಅಕ್ಷರಗಳಿರುವುದು ವಾಡಿಕೆ. ‘ಆರ್’ನಿಂದ ಪ್ರವಾಹ ಹೊರಡುತ್ತದೆ, ‘ವೈ’ ತಂಪು ಮಾಡಲು, ‘ಜಿ’ ಫ್ಯಾನು ತಿರುಗಿಸಲು ನೀಡುವ ಆಜ್ಞೆ, ‘ಸಿ’ ಮರಳುವ ದಾರಿ. ತಂತಿಯ ಬಣ್ಣವನ್ನು ನಂಬಬಾರದು. ಹಿಂದೆ ಕೆಲಸ ಮಾಡಿದವರು ಕೈಗೆ ಸಿಕ್ಕ ಬಣ್ಣವನ್ನು ಬಳಸಿರಬಹುದು. ಅಕ್ಷರವನ್ನೂ ನಕ್ಷೆಯನ್ನೂ ನೋಡಿಯೇ ಜೋಡಿಸಬೇಕು.

‘ವೈ’ಯಿಂದ ಹೊರಟ ಪ್ರವಾಹ ನೇರವಾಗಿ ಕಾಂಟ್ಯಾಕ್ಟರನ್ನು ಸೇರುವುದಿಲ್ಲ. ಶೀತಕ ಅನಿಲದ ಒತ್ತಡ ಮಿತಿಮೀರಿದರೆ ತೆರೆದುಕೊಳ್ಳುವ ಸ್ವಿಚ್ಚು, ಒತ್ತಡ ತೀರ ಕುಸಿದರೆ ತೆರೆದುಕೊಳ್ಳುವ ಸ್ವಿಚ್ಚು, ಸುರುಳಿಯಿಂದ ತೊಟ್ಟಿಕ್ಕಿದ ನೀರು ತಟ್ಟೆಯಲ್ಲಿ ತುಂಬಿದರೆ ತೆರೆದುಕೊಳ್ಳುವ ತೇಲು ಸ್ವಿಚ್ಚು ಇವೆಲ್ಲ ಸರಣಿಯಲ್ಲಿ ಕಾವಲು ನಿಂತಿರುತ್ತವೆ. ಗಾಳಿಕೊಳವೆಯ ಹೊಗೆಪತ್ತೆ ಸಾಧನದ ಸಂಪರ್ಕವನ್ನು ಇನ್ನೂ ಹಿಂದಕ್ಕೆ, ಫ್ಯಾನೂ ನಿಲ್ಲುವ ಹಾಗೆ ಜೋಡಿಸುತ್ತಾರೆ. ಇಲ್ಲವಾದರೆ ಬೆಂಕಿಯ ಹೊಗೆಯನ್ನು ಫ್ಯಾನೇ ಕಟ್ಟಡವೆಲ್ಲ ಹರಡೀತು. ಎಲ್ಲ ಕಾವಲುಗಾರರೂ ಒಪ್ಪಿದರೆ ಮಾತ್ರ ಯಂತ್ರ ಓಡುತ್ತದೆ. ಒಬ್ಬನು ಒಪ್ಪದಿದ್ದರೂ ನಿಲ್ಲುತ್ತದೆ. ತಂತಿ ತುಂಡಾದರೂ ಯಂತ್ರ ನಿಲ್ಲುವುದೇ ಈ ಜೋಡಣೆಯ ಹಿರಿಮೆ.

ಯಂತ್ರ ಪದೇ ಪದೇ ನಿಂತಾಗ, ಕಾರಣವನ್ನು ಹುಡುಕದೆ ಒತ್ತಡದ ಸ್ವಿಚ್ಚಿನ ಎರಡು ತಂತಿಗಳನ್ನು ಒಂದಕ್ಕೊಂದು ಸುತ್ತಿಬಿಡುವ ಅಡ್ಡದಾರಿಯೂ ಉಂಟು. ಯಂತ್ರವೇನೋ ಓಡುತ್ತದೆ, ಆದರೆ ಕಾವಲುಗಾರನಿಲ್ಲ. ಕಂಪ್ರೆಸರ್ ಸುಟ್ಟುಹೋಗಬಹುದು, ಜೀವಕ್ಕೂ ಅಪಾಯ ಒದಗಬಹುದು. ಸರಣಿಯ ಅರ್ಥವನ್ನು ಬಲ್ಲವನು ಈ ತಪ್ಪಿಗೆ ಸುಲಭವಾಗಿ ಕೈಹಾಕಲಾರ.

ಎಷ್ಟು ಎಂದು ಹೇಳುವ ಸಂವೇದಕಗಳು

ಸ್ವಿಚ್ಚು ಹೌದು ಅಥವಾ ಇಲ್ಲ ಎಂದಷ್ಟೇ ಹೇಳಬಲ್ಲದು. ಸಂವೇದಕವಾದರೋ ಎಷ್ಟು ಎಂಬುದನ್ನು ತಿಳಿಸುತ್ತದೆ. ಉಷ್ಣತೆಯನ್ನು ಅಳೆಯುವ ಥರ್ಮಿಸ್ಟರ್ ಒಂದು ರೋಧಕವೇ. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯ ರೋಧ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 10,000 ಓಮ್. ಬಿಸಿಯೇರಿದಂತೆ ಅದು ಕಡಿಮೆಯಾಗುತ್ತದೆ. ಇದರ ಎರಡು ತಂತಿಗಳನ್ನು ಅದಲುಬದಲು ಮಾಡಿದರೂ ತೊಂದರೆಯಿಲ್ಲ. ಇಂಗಾಲದ ಡೈಆಕ್ಸೈಡ್ ಅಳೆಯುವ ಸಂವೇದಕಕ್ಕೆ ಹಾಗಲ್ಲ. ಅದಕ್ಕೆ ವಿದ್ಯುತ್ತನ್ನು ಒದಗಿಸಬೇಕು, ನಕ್ಷೆಯಲ್ಲಿರುವಂತೆಯೇ ತಂತಿಗಳನ್ನು ಕೂಡಿಸಬೇಕು. ಸಂಕೇತವನ್ನು 4ರಿಂದ 20 ಮಿಲಿಆಂಪಿಯರ್‌ನಲ್ಲಿ ಕಳುಹಿಸುವ ಪದ್ಧತಿಯಲ್ಲಿ ಅತಿ ಕಡಿಮೆ ಅಳತೆಗೂ 4 ಮಿಲಿಆಂಪಿಯರ್ ಹರಿಯುತ್ತಿರುತ್ತದೆ. ಆದುದರಿಂದ ಪ್ರವಾಹ ಸೊನ್ನೆಯಾದರೆ ತಂತಿ ಕಡಿದಿದೆ ಎಂದು ತಿಳಿಯುತ್ತದೆ.

ಸಂವೇದಕದ ತಂತಿಗಳನ್ನು ಶಕ್ತಿ ಮಂಡಲದ ತಂತಿಗಳೊಡನೆ ಒಂದೇ ಕೊಳವೆಯಲ್ಲಿ ಎಳೆಯಬಾರದು. ಲೋಹದ ಹೊದಿಕೆಯಿರುವ ತಂತಿಯಾದರೆ ಹೊದಿಕೆಯನ್ನು ಸಾಮಾನ್ಯವಾಗಿ ಒಂದು ತುದಿಯಲ್ಲಿ ಮಾತ್ರ ಭೂಸಂಪರ್ಕಕ್ಕೆ ಜೋಡಿಸುತ್ತಾರೆ. ಹೊರಗಿನ ಉಷ್ಣತೆಯ ಸಂವೇದಕವನ್ನು ನೆರಳಿನಲ್ಲಿ ಇಡಬೇಕು. ಇಲ್ಲದಿದ್ದರೆ ಅದು ಗಾಳಿಯ ಉಷ್ಣತೆಯ ಬದಲು ಬಿಸಿಲಿನ ಝಳವನ್ನು ಅಳೆದೀತು.

ಸಮಾಂತರ ಜೋಡಣೆಗೂ ಇಲ್ಲಿ ಸ್ಥಾನವಿದೆ. ಕಾಂಟ್ಯಾಕ್ಟರ್, ಗಾಳಿಬಾಗಿಲು ತಿರುಗಿಸುವ ಮೋಟಾರು, ಸಂವೇದಕ ಮುಂತಾದವು ಒಂದೇ ಟ್ರಾನ್ಸ್‌ಫಾರ್ಮರಿನಿಂದ ಸಮಾಂತರವಾಗಿ ಪ್ರವಾಹ ಪಡೆಯುತ್ತವೆ. 40 ವೋಲ್ಟ್-ಆಂಪಿಯರಿನ ಟ್ರಾನ್ಸ್‌ಫಾರ್ಮರ್ 24 ವೋಲ್ಟಿನಲ್ಲಿ ಕೊಡಬಲ್ಲುದು 40 ÷ 24, ಅಂದರೆ ಸುಮಾರು 1.67 ಆಂಪಿಯರ್ ಮಾತ್ರ. ಲೆಕ್ಕವಿಲ್ಲದೆ ಉಪಕರಣಗಳನ್ನು ಸೇರಿಸುತ್ತ ಹೋದರೆ ವೋಲ್ಟೇಜು ಕುಸಿದು ಕಾಂಟ್ಯಾಕ್ಟರ್ ಗಡಗಡನೆ ಬಡಿದುಕೊಳ್ಳತೊಡಗುತ್ತದೆ.

ತರಗತಿಯ ಚಟುವಟಿಕೆ

ನಿಜವಾದ ಘಟಕವನ್ನಾಗಲಿ, ಮನೆಯ ವಿದ್ಯುತ್ತನ್ನಾಗಲಿ ಈ ಚಟುವಟಿಕೆಗೆ ಬಳಸಕೂಡದು. ಟಾರ್ಚಿನ ಮೂರು ಸೆಲ್ಲು, ಅವುಗಳಿಗೆ ಹೊಂದುವ ಒಂದು ಸಣ್ಣ ಬಲ್ಬು, ಮೂರು ಸ್ವಿಚ್ಚುಗಳು ಸಾಕು. ಸ್ವಿಚ್ಚುಗಳನ್ನು ಸರಣಿಯಲ್ಲಿ ಜೋಡಿಸಿ ‘ಒತ್ತಡ’, ‘ನೀರು’, ‘ಹೊಗೆ’ ಎಂಬ ಚೀಟಿಗಳನ್ನು ಅಂಟಿಸಿರಿ. ಒಂದೊಂದನ್ನೇ ತೆರೆದು ಬಲ್ಬು ಆರುವುದನ್ನು ತೋರಿಸಿರಿ. ಅನಂತರ ಒಂದು ಸ್ವಿಚ್ಚಿನ ಎರಡು ತುದಿಗಳನ್ನು ತಂತಿಯಿಂದ ಸೇರಿಸಿ, ಅದನ್ನು ತೆರೆದರೂ ಬಲ್ಬು ಉರಿಯುತ್ತಲೇ ಇರುವುದನ್ನು ತೋರಿಸಿ, ಇದರಿಂದಾಗುವ ಅಪಾಯವನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಿರಿ.

ಪರಿಕಲ್ಪನೆಯನ್ನು ಕನ್ನಡದಲ್ಲಿ ವಿವರಿಸಿದ ಬಳಿಕ ಕಾಂಟ್ಯಾಕ್ಟರ್, ಥರ್ಮಿಸ್ಟರ್ ಮೊದಲಾದ ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಹಾಗೆಯೇ ಬರೆಯಿರಿ. ಮುಂದೆ ವಿದ್ಯಾರ್ಥಿಯ ಕೈಸೇರುವ ನಕ್ಷೆ ಇಂಗ್ಲಿಷಿನಲ್ಲಿ ಇರಬಹುದು, ಕಲಿಸುವವರ ಮಾತು ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ ಇರಬಹುದು. ಪ್ರವಾಹದ ದಾರಿಯನ್ನು ತನ್ನ ಭಾಷೆಯಲ್ಲಿ ಒಮ್ಮೆ ಅರಿತವನಿಗೆ ಅಲ್ಲಿ ಹೊಸತಾಗಿ ಕಲಿಯಲು ಉಳಿಯುವುದು ಹೆಸರುಗಳು ಮಾತ್ರ.

ಮೌಲ್ಯಮಾಪನಕ್ಕೆ ಪ್ರಶ್ನೆಗಳು

1. ಸುರಕ್ಷತೆಯ ಸ್ವಿಚ್ಚುಗಳನ್ನು ಸಮಾಂತರವಾಗಿ ಜೋಡಿಸಿದರೆ ಏನಾಗುತ್ತದೆ?
2. 24 ವೋಲ್ಟಿನ, 75 ವೋಲ್ಟ್-ಆಂಪಿಯರಿನ ಟ್ರಾನ್ಸ್‌ಫಾರ್ಮರ್ ಎಷ್ಟು ಪ್ರವಾಹವನ್ನು ಕೊಡಬಲ್ಲುದು?
3. ಹೊಗೆಪತ್ತೆ ಸಾಧನದ ತಂತಿ ತುಂಡಾದರೆ ಯಂತ್ರ ಓಡುವುದೇ, ನಿಲ್ಲುವುದೇ? ಕಾರಣ ಕೊಡಿರಿ.