ಕಾರಿನ ನಡುಕಕ್ಕೆ ನಿದಾನ

ತುಮಕೂರಿನಿಂದ ಗುಬ್ಬಿಗೋ ಕುಣಿಗಲಿಗೋ ಮನೆಮಂದಿಯೊಡನೆ ಹೊರಟ ಗೃಹಸ್ಥನಿಗೆ, ದಾರಿಯಲ್ಲಿ ಕಾರು ನಡುಗತೊಡಗಿದರೆ ದಿಗಿಲಾಗುವುದು ಸಹಜವೇ. ಆದರೆ ನಾಡಿ ನೋಡದೆ ಔಷಧ ಕೊಡುವ ವೈದ್ಯನುಂಟೆ? ಮೆಕ್ಯಾನಿಕನ ಬಳಿಗೆ ಒಯ್ಯುವ ಮುನ್ನ, ನಡುಕವು ಎಲ್ಲಿ, ಯಾವಾಗ ತೋರುವುದೆಂಬುದನ್ನು ನಾವೇ ಗಮನಿಸತಕ್ಕದ್ದು.

ತರ್ಕಶಾಸ್ತ್ರದಲ್ಲಿ ಅನ್ವಯವ್ಯತಿರೇಕವೆಂಬುದೊಂದುಂಟು, ಒಂದಿದ್ದರೆ ಮತ್ತೊಂದಿರುವುದು, ಇಲ್ಲದಿದ್ದರೆ ಇಲ್ಲದಿರುವುದು. ಇಲ್ಲಿ ಅಷ್ಟೇ ಸಾಕು. ಕಾರನ್ನು ನಿಲ್ಲಿಸಿ, ಗೇರನ್ನು ನ್ಯೂಟ್ರಲಿಗೆ ತಂದು, ಇಂಜಿನ್ನಿನ ವೇಗವನ್ನು ಏರಿಸಿರಿ. ಆಗಲೂ ನಡುಗಿದರೆ ದೋಷವು ಇಂಜಿನ್ನಿನದು, ಇಲ್ಲವೆ ಅದನ್ನು ಹೊತ್ತ ರಬ್ಬರಿನ ಆಧಾರಗಳದು. ನಿಂತಾಗ ಇಲ್ಲದೆ, ಗಂಟೆಗೆ 80 ಕಿಲೋಮೀಟರಿನ ಆಸುಪಾಸಿನಲ್ಲಿ ಮಾತ್ರ ತೋರಿದರೆ ಚಕ್ರಗಳ ತೂಕ ಸಮವಾಗಿಲ್ಲವೆಂದು ಊಹಿಸಬಹುದು. ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರ. ಆಸನ ನಡುಗಿದರೆ ಬಹುಮಟ್ಟಿಗೆ ಹಿಂದಿನದು. ಬ್ರೇಕನ್ನು ಒತ್ತಿದಾಗ ಮಾತ್ರ ಅದುರಿದರೆ ಅದರ ಡಿಸ್ಕು ಸಮವಾಗಿ ಸವೆದಿಲ್ಲ.

ಮಳೆಗಾಲದಲ್ಲಿ ತೋಟದ ದಾರಿಯಿಂದ ಹೆದ್ದಾರಿಗೆ ಬಂದ ಕಾರಿಗೆ ಬೇರೊಂದು ಕಾರಣವುಂಟು. ರಿಮ್ಮಿನ ಒಳಮೈಗೆ ಮೆತ್ತಿದ ಕೆಸರು ಒಣಗಿ, ಚಕ್ರದ ಒಂದು ಪಕ್ಕವನ್ನು ಭಾರಮಾಡುತ್ತದೆ. ತೂಕವನ್ನು ಸಮಮಾಡಲು ಅಂಗಡಿಯವರು ಅಂಟಿಸುವ ತುಂಡುಗಳೇ ಕೆಲವು ಗ್ರಾಮುಗಳಷ್ಟಿರುವಾಗ, ಒಂದು ಹಿಡಿ ಕೆಸರು ಕಡಿಮೆಯೇ? ಹಣ ತೆರುವ ಮೊದಲು ಎರಡು ಬಿಂದಿಗೆ ನೀರು ಹೊಯ್ದು ತೊಳೆದು ನೋಡುವುದು ಲೇಸು.

ಆದರೆ ಮೆಲ್ಲಗೆ ಹೋಗುವಾಗಲೇ ಚಕ್ರವು ಓಲಾಡಿದರೆ, ಪರೀಕ್ಷಿಸುತ್ತ ಮುಂದುವರಿಯಕೂಡದು. ನಟ್ಟುಗಳು ಸಡಿಲಿಸಿರಬಹುದು, ಗುಂಡಿಗೆ ಬಿದ್ದ ಟೈರು ಪಕ್ಕದಲ್ಲಿ ಉಬ್ಬಿರಬಹುದು. ಉಬ್ಬಿದ ಟೈರು ಯಾವ ಕ್ಷಣದಲ್ಲಾದರೂ ಸಿಡಿಯಬಲ್ಲುದು. ರಸ್ತೆಯ ಅಂಚಿಗೆ ನಿಲ್ಲಿಸಿ, ಮಕ್ಕಳನ್ನು ಎಡಗಡೆಯ ಬಾಗಿಲಿನಿಂದ ಇಳಿಸಿ, ನಟ್ಟುಗಳನ್ನು ಬಿಗಿಮಾಡಿರಿ. ಟೈರು ಉಬ್ಬಿದ್ದರೆ ಅಲ್ಲಿಯೇ ಸ್ಟೆಪ್ನಿಯನ್ನು ಹಾಕಿರಿ.